ಕಪ್ಪೆಯ ಸಂಸಾರ

ಮಳೆ ಬಾರದಿದ್ದರೆ ಕಪ್ಪೆಗಳಿಗೆ ಮದುವೆ ಮಾಡಿಸುವ ವಾಡಿಕೆಯು ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲುಂಟು. ಆದರೆ ಮಳೆ ಬಂದ ಮೇಲೆ ಆ ದಂಪತಿಗಳ ಸಂಸಾರವು ಹೇಗೆ ಸಾಗಿತೆಂದು ವಿಚಾರಿಸುವವರು ವಿರಳ. ನಮ್ಮ ವಾಚಕರ ಪರವಾಗಿ ಈ ತಿಂಗಳು ಅದನ್ನು ವಿಚಾರಿಸಿ ನೋಡೋಣ.

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು ಕೆರೆಯುಳ್ಳ ಊರು. ರಾಗಿಯ ಹೊಲ, ತೆಂಗಿನ ತೋಟ, ಹಿಪ್ಪುನೇರಳೆಯ ಕಡ್ಡಿಗಳ ನಡುವೆ ಬಾಳುವ ಇಂತಹ ಊರುಗಳಲ್ಲಿ ಬೇಸಗೆಯ ತಿಂಗಳುಗಳಲ್ಲಿ ಕಪ್ಪೆಯ ಸದ್ದೇ ಇರುವುದಿಲ್ಲ. ಒಂದು ದೊಡ್ಡ ಮಳೆ ಸುರಿದ ರಾತ್ರಿ ಸಾವಿರ ಕಂಠಗಳು ಒಟ್ಟಿಗೆ ಏಳುವುವು. ಇವು ಆಕಾಶದಿಂದ ಉದುರಿದುವೇ ಎಂದು ಮಕ್ಕಳು ಕೇಳುವುದುಂಟು. ಅವು ಇದ್ದುದು ನಮ್ಮ ಕಾಲಡಿಯಲ್ಲಿಯೇ. ಬಿಲಗಪ್ಪೆಯ ಹಿಂಗಾಲಿನ ಅಡಿಯಲ್ಲಿ ಗುದ್ದಲಿಯ ಬಾಯಂತಹ ಗಟ್ಟಿ ಗಂಟೊಂದಿರುವುದು. ಅದರಿಂದ ಮಣ್ಣನ್ನು ತೋಡುತ್ತ ಹಿಮ್ಮುಖವಾಗಿ ಇಳಿದು, ತೇವವಿರುವ ಆಳದಲ್ಲಿ ಮುದುರಿ ಕುಳಿತು, ಅದು ಮಳೆಗಾಗಿ ಕಾಯುವುದು. ಇಂತಹ ಬಿಲಗಪ್ಪೆಯ ಹೊಸ ಜಾತಿಯೊಂದು ಬೆಂಗಳೂರಿನ ಹೊರವಲಯದಲ್ಲಿ ದೊರೆತು, 2020ರಲ್ಲಿ ಪ್ರಾಣಿಶಾಸ್ತ್ರಜ್ಞರಿಂದ ಆ ನಗರದ ಹೆಸರನ್ನೇ ಪಡೆಯಿತು.

ಕಪ್ಪೆಯು ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ತೆಳುವಾದ ಚರ್ಮದಿಂದ ಹೀರಿಕೊಳ್ಳುವುದು. ಶ್ವಾಸಕೋಶಗಳಿದ್ದರೂ ಉಸಿರಾಟದ ಒಂದು ಪಾಲು ಒದ್ದೆ ಚರ್ಮದ ಮೂಲಕವೇ ನಡೆಯುವುದು. ನುಂಗುವಾಗ ಅದರ ಕಣ್ಣುಗುಡ್ಡೆಗಳು ಒಳಕ್ಕೆ ಸರಿದು ತುತ್ತನ್ನು ಗಂಟಲಿಗೆ ನೂಕುವುವು. ಮನೆಯ ಬಚ್ಚಲಿಗೂ ತೊಟ್ಟಿಗೂ ಬರುವ ಮರಗಪ್ಪೆಯ ಬೆರಳತುದಿಗಳಲ್ಲಿ ಗೋಡೆಗೆ ಅಂಟುವ ಬಿಲ್ಲೆಗಳಿರುವುವು. ದೀಪದ ಕೆಳಗೆ ಹುಳು ಕಾಯುವ ಒರಟು ಮೈಯ ನೆಲಗಪ್ಪೆಯನ್ನು ಮುಟ್ಟಿದರೆ ನರಹುಲಿಯಾಗುವುದೆಂಬ ಮಾತು ಸುಳ್ಳು. ಅದರ ಮೈಯಿಂದ ಒಸರುವ ರಸವು ಕಣ್ಣುಬಾಯಿಗೆ ಸೋಕಿದರೆ ಉರಿಯುವುದರಿಂದ ಮುಟ್ಟಿದ ಮೇಲೆ ಕೈ ತೊಳೆದರೆ ಸಾಕು.

ಮಳೆಯ ರಾತ್ರಿ ಹಾಡುವುದು ಗಂಡು, ಕೇಳಿ ಬರುವುದು ಹೆಣ್ಣು. ಆಗ ಗೂಳಿಕಪ್ಪೆಯ ಗಂಡು ನಿಂಬೆಹಣ್ಣಿನಂತೆ ಹಳದಿಯಾಗಿ, ಗಂಟಲ ಎರಡು ಪಕ್ಕಗಳಲ್ಲಿ ನೀಲಿ ಚೀಲಗಳನ್ನುಬ್ಬಿಸಿ ಕೂಗುವುದು. ಒಂದೊಂದು ಜಾತಿಗೂ ಒಂದೊಂದು ಧ್ವನಿಯಿರುವುದರಿಂದ ಅಷ್ಟು ಗದ್ದಲದಲ್ಲಿಯೂ ಹೆಣ್ಣು ತನ್ನವನನ್ನು ಗುರುತಿಸುವುದು. ನೆಲಗಪ್ಪೆ ಮೊಟ್ಟೆಗಳನ್ನು ಮಣಿಸರದಂತೆ ನೀರಿನಲ್ಲಿ ಬಿಡುವುದು. ಮರಗಪ್ಪೆ ನೀರಿನ ಮೇಲೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ನೊರೆಯ ಗೂಡು ಕಟ್ಟುವುದು. ಮರಿಗಳು ಅಲ್ಲಿಂದ ನೀರಿಗೆ ಜಾರಿ ಬೀಳುವುವು.

ಈ ಮರಿಗಳೇ ಗೊದಮೊಟ್ಟೆಗಳು. ಇವು ಕಿವಿರಿನಿಂದ ಉಸಿರಾಡಿ, ಬಹುಮಟ್ಟಿಗೆ ಪಾಚಿಯನ್ನು ತಿಂದು, ಕ್ರಮೇಣ ಹಿಂಗಾಲು ಮುಂಗಾಲುಗಳನ್ನು ಪಡೆದು, ಬಾಲವನ್ನು ಮೈಯೊಳಗೆ ಕರಗಿಸಿಕೊಂಡು ನೆಲಕ್ಕೆ ಏರುವುವು. ಹಾಗಾದರೆ ಕೆರೆ ತುಂಬಿದ್ದರೆ ಸಾಲದೆ ಎಂದು ವಾಚಕರು ಕೇಳಬಹುದು. ಈ ಸೀಮೆಯಲ್ಲಿ ಕಣ್ವ ಜಲಾಶಯವು 1946ರಲ್ಲಿ ಕಟ್ಟಲ್ಪಟ್ಟಿತು. ಈಚಿನ ವರ್ಷಗಳಲ್ಲಿ ಶಿಂಷಾ ನದಿಯ ಇಗ್ಗಲೂರು ಅಣೆಕಟ್ಟೆಯಿಂದ ನೀರೆತ್ತಿ ತಾಲ್ಲೂಕಿನ ಅನೇಕ ಕೆರೆಗಳನ್ನು ತುಂಬಿಸಲಾಗಿದೆ. ಜನರಿಗೂ ದನಗಳಿಗೂ ಇದು ಮಹದುಪಕಾರವೇ ಸರಿ. ಆದರೆ ಆಳವಾದ, ವರ್ಷವೆಲ್ಲ ಬತ್ತದ ನೀರಿನಲ್ಲಿ ಮೀನುಗಳು ಬೆಳೆಯುವುವು. ಮೀನಿಗೆ ಗೊದಮೊಟ್ಟೆ ಹಬ್ಬದೂಟ. ಆದುದರಿಂದ ನಮ್ಮ ಬಯಲಿನ ಬಹುಪಾಲು ಕಪ್ಪೆಗಳ ತೊಟ್ಟಿಲು ಕೆರೆಯ ನಡುವಲ್ಲ. ಕೆಲವೇ ವಾರ ನಿಂತು ಬತ್ತುವ ಹಳ್ಳ, ಗುಂಡಿ, ಗದ್ದೆಯ ಮೂಲೆ, ಕೆರೆಯಂಚಿನ ಹುಲ್ಲುನೀರು. ಇವನ್ನು ನಾವು ಕೆಲಸಕ್ಕೆ ಬಾರದ ಜಾಗವೆಂದು ಬಗೆದು ಮುಚ್ಚಿಬಿಡುತ್ತೇವೆ. ಕೆರೆ ತುಂಬಿದ್ದೂ ಕಪ್ಪೆಯಿಲ್ಲದ ಊರು ಹೀಗೆ ಹುಟ್ಟುವುದು.

ಕಪ್ಪೆ ಹೋದರೆ ಹೋಗಲಿ ಎನ್ನುವಂತಿಲ್ಲ. ಹೊಲಗದ್ದೆಗಳಲ್ಲಿ ರಾತ್ರಿಯೆಲ್ಲ ಕೂಲಿಯಿಲ್ಲದೆ ಹುಳು ಹಿಡಿಯುವ ಆಳು ಅದು. ಅದನ್ನು ಹಿಡಿದು ಕಾಲುಗಳನ್ನು ಪರದೇಶಕ್ಕೆ ಮಾರುತ್ತಿದ್ದ ವ್ಯಾಪಾರವನ್ನು ಭಾರತ ಸರ್ಕಾರವು 1987ರಲ್ಲಿ ನಿಲ್ಲಿಸಿತು. ಆದರೆ ಕೀಟನಾಶಕವನ್ನು ಯಾವ ಆಜ್ಞೆಯೂ ಕಪ್ಪೆಯ ಮೈಯಿಂದ ತಡೆಯಲಾರದು. ನೀರನ್ನು ಹೀರುವ ಚರ್ಮವು ನೀರಿನಲ್ಲಿ ಬೆರೆತ ವಿಷವನ್ನೂ ಹೀರುವುದು.

ರೇಷ್ಮೆ ಸಾಕುವ ಗೃಹಸ್ಥರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡ್ಡಿಗೆ ಔಷಧ ಹೊಡೆದರೆ ಇಂತಿಷ್ಟು ದಿನ ಸೊಪ್ಪು ಕೊಯ್ಯಬಾರದೆಂದು ಅವರು ಎಚ್ಚರ ವಹಿಸುವರು. ಹುಳುವಿನ ಮೇಲಿರುವ ಈ ಎಚ್ಚರದಲ್ಲಿ ಸ್ವಲ್ಪವನ್ನು ಕಪ್ಪೆಯ ಮೇಲೆಯೂ ಇಟ್ಟರೆ ಸಾಕು. ಔಷಧದ ಡಬ್ಬವನ್ನು ಹಳ್ಳದಲ್ಲಿ ತೊಳೆಯದಿರುವುದು, ಕೆರೆಯಂಚಿನ ಹುಲ್ಲನ್ನು ಒಂದಿಷ್ಟು ಉಳಿಸುವುದು, ಹೊಲದ ಮೂಲೆಯ ಗುಂಡಿಯೊಂದನ್ನು ಮುಚ್ಚದೆ ಬಿಡುವುದು, ಇವಕ್ಕೆ ಕಾಸಿನ ಖರ್ಚಿಲ್ಲ. ಮದುವೆ ಮಾಡಿಸಿದ ಹಿರಿಯರು ಸಂಸಾರ ಹೂಡಲು ಇಷ್ಟಾದರೂ ಜಾಗ ಕೊಡುವುದು ನ್ಯಾಯವಲ್ಲವೆ?