ಹಿತ್ತಲಿನ ಒಂದು ಮೂಲೆ ಮಣ್ಣು

ಏಪ್ರಿಲ್ ತಿಂಗಳ ಮಧ್ಯಾಹ್ನ ಬೆಂಗಳೂರಿನ ಬಸವನಗುಡಿಯ ಅಡ್ಡರಸ್ತೆಗಳಲ್ಲಿ ನಡೆದರೆ ಎಲ್ಲಾದರೂ ಒಂದು ಕಡೆ ಹಳೆಯ ಮನೆ ಕೆಡವಿ ಹೊಸದು ಕಟ್ಟುತ್ತಿರುವುದು ಕಣ್ಣಿಗೆ ಬೀಳುತ್ತದೆ. ಬೀದಿಗೆ ಸುರಿದ ಮರಳಿನ ಗುಡ್ಡೆ, ಅದರ ನೆರಳಿನ ಮಗ್ಗುಲಲ್ಲಿ ಒಂದು ಬೀದಿನಾಯಿ. ಮಲಗುವ ಮುಂಚೆ ಅದು ಏನು ಮಾಡುತ್ತದೆಂದು ನಿಂತು ನೋಡಬೇಕು. ಮುಂಗಾಲೆರಡರಿಂದ ಮೇಲಿನ ಬಿಸಿ ಮರಳನ್ನು ಹಿಂದಕ್ಕೆ ಚಿಮ್ಮುತ್ತದೆ, ಒಳಗಿನ ತೇವದ ಮರಳು ಸಿಗುವವರೆಗೂ ಬಗೆಯುತ್ತದೆ, ಒಂದು ಸುತ್ತು ಸುತ್ತಿ ಹೊಟ್ಟೆಯನ್ನು ಆ ತಂಪಿಗೆ ಒತ್ತಿ ಮಲಗಿಬಿಡುತ್ತದೆ. ದಾರಿಯಲ್ಲಿ ಹೋಗುವವರು ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಅದೇ ಕೆಲಸವನ್ನು ಪಕ್ಕದ ಮನೆಯ ಲ್ಯಾಬ್ರಡಾರ್ ದಾಸವಾಳದ ಬುಡದಲ್ಲಿ ಮಾಡಿದರೆ ಬೈಗುಳ, ಏಟು, ಕೊನೆಗೆ ಸರಪಳಿ. ಅದಕ್ಕೂ ಬಗ್ಗದಿದ್ದರೆ ಕಾಂಪೌಂಡಿನಲ್ಲಿ ಉಳಿದಿದ್ದ ಮಣ್ಣಿಗೂ ಸಿಮೆಂಟು. ಮಣ್ಣು ಕೆರೆಯುವುದು ನಾಯಿಯ ಕೆಟ್ಟ ಚಾಳಿ ಎಂದು ತಿಳಿದಿರುವುದರಿಂದಲೇ ಇಷ್ಟೆಲ್ಲ ನಡೆಯುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಅದು ನಾಯಿಯ ಹುಟ್ಟುಗುಣ. ಅದಕ್ಕೆ ಮನೆಯಲ್ಲೊಂದು ಮೂಲೆ ಬಿಡುವುದು ನಾಯಿ ಸಾಕಿದವರ ಹೊಣೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂಥ ಹಳೆಯ ಬಡಾವಣೆಗಳಲ್ಲಿ ಆ ಮೂಲೆ ಹುಡುಕುವುದು ನಾವು ಅಂದುಕೊಂಡಷ್ಟು ಕಷ್ಟವೂ ಅಲ್ಲ.

ಹುಟ್ಟುಗುಣ ಎಂದು ಬರಿದೇ ಹೇಳಿದರೆ ಸಾಲದು. ನಾಯಿಯ ಮೈಯೆಲ್ಲ ನಮ್ಮಂತೆ ಬೆವರುವುದಿಲ್ಲ. ಅದರ ಬೆವರಿನ ಗ್ರಂಥಿಗಳು ಮುಖ್ಯವಾಗಿ ಇರುವುದು ಅಂಗಾಲಿನಲ್ಲಿ. ಉಳಿದ ಬಿಸಿಯನ್ನು ನಾಲಿಗೆ ಚಾಚಿ ತೇಕುತ್ತಲೇ ಕಳೆದುಕೊಳ್ಳಬೇಕು. ಅದರ ಸಹಜ ಮೈಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿತ್ತು. ಹೊರಗಿನ ಗಾಳಿಯೇ ಮೈಯಷ್ಟು ಬಿಸಿಯಾದ ದಿನ ದಪ್ಪ ಕೂದಲಿನ ಪ್ರಾಣಿಗೆ ಒಂದು ಅಡಿ ಕೆಳಗಿನ ತಣ್ಣನೆಯ ಮಣ್ಣಿಗಿಂತ ಹತ್ತಿರದ ಆಸರೆ ಬೇರೆ ಯಾವುದಿದೆ? ತಳಿಯ ವಿಷಯವೂ ಇದೆ. ಟೆರಿಯರ್ ಎಂಬ ಹೆಸರು ಬಂದದ್ದೇ ಭೂಮಿ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಡ್ಯಾಶ್‌ಹೌಂಡನ್ನು ಜರ್ಮನಿಯವರು ಗಿಡ್ಡ ಕಾಲು, ಉದ್ದ ಮೈ ಬರುವಂತೆ ಬೆಳೆಸಿದ್ದು ಬಿಲದೊಳಗೆ ನುಗ್ಗಿ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಹೊರಗೆಳೆಯಲಿ ಎಂದು. ನೂರಾರು ವರ್ಷ ಆರಿಸಿ ಆರಿಸಿ ಬೆಳೆಸಿದ ಗುಣವನ್ನು ಇಂದು ಮಲ್ಲೇಶ್ವರದ ಮನೆಯೊಳಗೆ ತಂದು, ಅಗೆಯಬೇಡ ಎಂದು ಗದರಿಸಿದರೆ ಅದಕ್ಕೆ ಅರ್ಥವಾಗುವುದಾದರೂ ಏನು? ಬಯಲಿನಲ್ಲಿ ಓಡಲೆಂದೇ ಹುಟ್ಟಿದ ನಮ್ಮ ಮುಧೋಳ ನಾಯಿಯೂ ಓಟ ಸಿಗದ ದಿನ ಆ ಕಸುವನ್ನೆಲ್ಲ ಪಂಜಕ್ಕೆ ಇಳಿಸುತ್ತದೆ. ಇನ್ನು ಹೆಗ್ಗಣ. ಹಳೆಯ ಬೆಂಗಳೂರಿನ ಮೋರಿ, ಚಪ್ಪಡಿ, ಸಂದಿಗಳ ಕೆಳಗೆ ಹೆಗ್ಗಣದ ಬಿಲಗಳಿಗೆ ಲೆಕ್ಕವಿಲ್ಲ. ನಮ್ಮ ಕಣ್ಣಿಗೆ ಬರೀ ನೆಲವಾಗಿ ಕಂಡದ್ದು ನಾಯಿಯ ಮೂಗಿಗೆ ತುಂಬಿದ ಸಂತೆ.

ಗಬ್ಬದ ಹೆಣ್ಣುನಾಯಿ ಮರಿ ಹಾಕಲು ತಾವು ಹುಡುಕಿ ಮಣ್ಣು ಕೆರೆಯುವುದು ಎಲ್ಲರೂ ಬಲ್ಲ ಸಂಗತಿ. ಅಷ್ಟು ಜನಕ್ಕೆ ತಿಳಿಯದ್ದೆಂದರೆ, ಬೆದೆ ಮುಗಿದು ಎರಡು ತಿಂಗಳಿನ ಸುಮಾರಿಗೆ ಬಸಿರಾಗದ ನಾಯಿಗೂ ಸುಳ್ಳು ಬಸಿರಿನ ಲಕ್ಷಣ ಕಾಣಿಸಿಕೊಳ್ಳಬಹುದು. ಆಗ ಅದು ಮೂಲೆ ಸೇರುತ್ತದೆ, ನೆಲ ಕೆರೆಯುತ್ತದೆ, ಆಟದ ಬೊಂಬೆಯನ್ನು ಮರಿಯಂತೆ ಕಾಯುತ್ತದೆ. ಆ ಹೊತ್ತಿನಲ್ಲಿ ಬಿದ್ದ ಏಟು ತಾಯ್ತನಕ್ಕೆ ಬಿದ್ದ ಏಟು. ದೀಪಾವಳಿಯ ಪಟಾಕಿಗೆ ಹೆದರಿ ಮಂಚದ ಕೆಳಗೆ ನುಗ್ಗಿ ಟೈಲ್ಸ್ ಕೆರೆಯುವ ನಾಯಿಯೂ ಅವಿತುಕೊಳ್ಳಲು ಬಿಲವನ್ನೇ ಹುಡುಕುತ್ತಿರುತ್ತದೆ. ಮಣ್ಣು ಕೆರೆಯುವುದಲ್ಲದೆ ತಿನ್ನಲೂ ಶುರುಮಾಡಿತೆಂದರೆ ಮಾತ್ರ ವಿಷಯ ಬೇರೆ. ಹೊಟ್ಟೆಹುಳು, ರಕ್ತಹೀನತೆ ಇರಬಹುದು, ಪಶುವೈದ್ಯರಿಗೆ ತೋರಿಸಲೇಬೇಕು.

ಈಗ ನೆಲದ ಮಾತಿಗೆ ಬರೋಣ. ಚಾಮರಾಜಪೇಟೆ ಬಡಾವಣೆಯಾದದ್ದು 1892ರಲ್ಲಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸಾಯತೊಡಗಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕು ಆಡಲಿ ಎಂಬುದೇ ಅವುಗಳ ಮೂಲ ಆಲೋಚನೆ. ಮುಂದೆ ಅಂಗಳ, ಹಿಂದೆ ಹಿತ್ತಲು, ಹಿತ್ತಲಿನಾಚೆ ಕನ್ಸರ್ವೆನ್ಸಿ ಸಂದಿ. ಹಿತ್ತಲಿನಲ್ಲಿ ಎರಡು ತೆಂಗು, ಒಂದು ಕರಿಬೇವು, ಪಾರಿಜಾತ, ಬಟ್ಟೆ ಒಗೆಯುವ ಕಲ್ಲು, ಪಾತ್ರೆ ತೊಳೆದ ನೀರು ಹರಿಯುವ ಬಾಳೆಯ ಬುಡ. ಆ ಬಾಳೆಯ ಬುಡದ ಹಸಿಯಲ್ಲಿ ನಾಯಿ ಗುಂಡಿ ತೋಡಿಕೊಂಡು ಮಲಗಿದರೆ ಯಾರಿಗೂ ಅಡ್ಡಿಯಿರಲಿಲ್ಲ. ಬಸವನಗುಡಿಯ ನೆಲವಂತೂ ಹಿಂದೆ ಸುಂಕೇನಹಳ್ಳಿಯ ಹೊಲ. ಗೂಳಿ ಬಸವಣ್ಣ ಕಡಲೆಕಾಯಿ ಬೆಳೆಯನ್ನು ಮೇಯ್ದುಬಿಟ್ಟನೆಂಬ ಐತಿಹ್ಯದಿಂದಲೇ ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ. ಕಡಲೆಕಾಯಿ ಬಲಿಯಬೇಕಾದರೆ ಮಣ್ಣು ಸಡಿಲವಾಗಿರಬೇಕು. ಅಂಥ ಕೆಮ್ಮಣ್ಣು ನಾಯಿಯ ಪಂಜಕ್ಕೂ ಸುಲಭ. ಹಳೆಯ ಮನೆಗಳ ಇನ್ನೊಂದು ಜಾಣತನವನ್ನೂ ಇಲ್ಲಿ ನೆನೆಯಬೇಕು. ತುಳಸಿಯನ್ನು ನೆಲದಲ್ಲಿ ನೆಡದೆ ಕಟ್ಟೆ ಕಟ್ಟಿ ಮೇಲಕ್ಕೇರಿಸಿದ್ದರು, ಎಳೆಯ ಸಸಿಯ ಸುತ್ತ ಮುಳ್ಳು ಕಟ್ಟುತ್ತಿದ್ದರು, ಮಲ್ಲಿಗೆಯ ಬುಡಕ್ಕೆ ಕಲ್ಲು ಜೋಡಿಸುತ್ತಿದ್ದರು. ಕಟ್ಟೆಗೆ ಪೂಜೆಯ ಕಾರಣವೂ ಇದೆ, ನಿಜ. ಆದರೂ ನಾಯಿ, ದನ, ಕೋಳಿ ಓಡಾಡುವ ನೆಲದಲ್ಲಿ ಕಾಪಾಡಬೇಕಾದ್ದನ್ನು ಕಾಪಾಡಿ ಉಳಿದದ್ದನ್ನು ಬಿಟ್ಟುಕೊಡುವ ರೀತಿ ಅದು. ನಾವು ಅದನ್ನು ಬಿಟ್ಟೆವು. ಕಾರು ನಿಲ್ಲಿಸಲು ಅಂಗಳಕ್ಕೆ ಕಡಪ ಕಲ್ಲು, ಬಾಡಿಗೆ ಮನೆ ಏಳಿಸಲು ಹಿತ್ತಲಿಗೆ ಪಾಯ. ಉಳಿದದ್ದು ಗೋಡೆಯಂಚಿನ ಎರಡು ಅಡಿ ಪಾತಿ, ಅದರಲ್ಲಿ ಮನೆಯೊಡತಿ ಆಸೆಯಿಂದ ಬೆಳೆಸಿದ ಗುಲಾಬಿ. ನಾಯಿಗೂ ಅದೇ ಮಣ್ಣು ಬೇಕು, ಗುಲಾಬಿಗೂ ಅದೇ ಬೇಕು. ಮನಸ್ತಾಪ ಹುಟ್ಟುವುದು ಇಲ್ಲಿ.

ಹಾಗಾದರೆ ಗಿಡ ಹಾಳಾಗಲೆಂದು ಸುಮ್ಮನಿರಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಖಂಡಿತ ಬೇಡ. ಆದರೆ ಗಿಡದ ಬುಡಕ್ಕೆ ನಾಯಿಯನ್ನು ಕರೆಯುತ್ತಿರುವವರು ಎಷ್ಟೋ ಸಲ ನಾವೇ. ಎಲುಬಿನ ಪುಡಿ, ಕಡಲೆಕಾಯಿ ಹಿಂಡಿ, ಹರಳು ಹಿಂಡಿ ಹಾಕಿದ ಪಾತಿಯಲ್ಲಿ ಊಟ ಹೂತಿಟ್ಟಿದ್ದಾರೆಂದೇ ನಾಯಿ ತಿಳಿಯುತ್ತದೆ. ಹರಳು ಹಿಂಡಿಯಂತೂ ಅಪಾಯ. ಹರಳಿನ ಬೀಜದಲ್ಲಿರುವ ರಿಸಿನ್ ಎಂಬ ವಿಷ ಎಣ್ಣೆ ತೆಗೆದ ಮೇಲೆ ಹಿಂಡಿಯಲ್ಲೇ ಉಳಿಯುತ್ತದೆ. ಅದನ್ನು ತಿಂದ ನಾಯಿ ವಾಂತಿ, ರಕ್ತಭೇದಿಯಿಂದ ಸಾಯಬಹುದು. ನಾಯಿಯಿರುವ ಮನೆಯ ಗಿಡಕ್ಕೆ ಹರಳು ಹಿಂಡಿ, ಹೆಗ್ಗಣಕ್ಕೆ ಪಾಷಾಣ ಎರಡೂ ಕೂಡದು. ಗೊಬ್ಬರವಾಗಿ ಒಣಸಗಣಿ, ಎಲೆಗೊಬ್ಬರ ಸಾಕು. ಗಿಡದ ಬುಡಕ್ಕೆ ಮುಷ್ಟಿ ಗಾತ್ರದ ಕಲ್ಲು ಜೋಡಿಸಿದರೆ ಪಂಜಕ್ಕೆ ದಾರಿಯಿರುವುದಿಲ್ಲ.

ಸರಿಯಾಗಿ ಪಳಗಿಸಿದರೆ ಅಗೆಯುವುದನ್ನು ನಿಲ್ಲಿಸಬಹುದು ಎನ್ನುವವರೂ ಇದ್ದಾರೆ. ಪಳಗಿಸುವುದಕ್ಕೆ ನನ್ನ ವಿರೋಧವಿಲ್ಲ. ಎಲ್ಲಿ ಅಗೆಯಬಹುದು, ಎಲ್ಲಿ ಕೂಡದು ಎಂಬುದನ್ನು ನಾಯಿ ಚೆನ್ನಾಗಿ ಕಲಿಯುತ್ತದೆ. ಎಲ್ಲಿಯೂ ಕೂಡದು ಎಂಬುದನ್ನು ಅದು ಕಲಿಯಲಾರದು. ಬೆಳಿಗ್ಗೆ ತೋಡಿದ ಗುಂಡಿಯ ಮುಂದೆ ಸಂಜೆ ಎಳೆತಂದು ಮೂಗು ಉಜ್ಜಿಸಿದರೆ ಅದಕ್ಕೆ ತಿಳಿಯುವುದು ಯಜಮಾನರು ಕಚೇರಿಯಿಂದ ಬಂದರೆ ಏಟು ಬೀಳುತ್ತದೆ ಎಂಬುದಷ್ಟೇ. ಸರಪಳಿಯ ವಿಷಯದಲ್ಲಿ ಕಾನೂನೇ ಸ್ಪಷ್ಟವಾಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿರುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದೂ ಅಪರಾಧ. ನಾಯಿ ಎಂದು ಹೆಸರಿಸಿಯೇ ಅಲ್ಲಿ ಬರೆದಿದೆ. ಕಾನೂನು ಬರುವುದಕ್ಕೆ ಸಾವಿರ ವರ್ಷ ಹಿಂದೆಯೇ ಕನ್ನಡ ನಾಡಿಗೆ ನಾಯಿಯ ಗುಣದ ಬೆಲೆ ಗೊತ್ತಿತ್ತು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಿಲಾಶಾಸನ ಕ್ರಿ.ಶ. 950ರ ಸುಮಾರಿನದು. ಮಣಲೇರನೆಂಬ ವೀರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ ಕಾಳಿಗಾಗಿ ಆ ಕಲ್ಲು ನಿಂತಿದೆ. ಕಾಳಿಯನ್ನು ಹಂದಿಯ ಮೇಲೆ ನುಗ್ಗಿಸಿದ ಗುಣವೇ ಇಂದು ಚಾಮರಾಜಪೇಟೆಯ ಸಂದಿಯಲ್ಲಿ ಹೆಗ್ಗಣದ ಬಿಲ ಬಗೆಯುತ್ತಿದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ರೋಗದ್ದು. ಇದನ್ನು ತಳ್ಳಿಹಾಕುವಂತಿಲ್ಲ. ನಾಯಿಯ ಮಲದಿಂದ ಕೊಕ್ಕೆಹುಳು, ದುಂಡುಹುಳುಗಳ ಮೊಟ್ಟೆ ಮಣ್ಣಿಗೆ ಸೇರುತ್ತವೆ. ಬರಿಗಾಲಲ್ಲಿ ಆಡುವ ಮಕ್ಕಳಿಗೆ ತೊಂದರೆಯಾಗಬಹುದು. ಇಲಿ, ಹೆಗ್ಗಣಗಳ ಮೂತ್ರ ಬಿದ್ದ ಹಸಿಮಣ್ಣಿನಿಂದ ನಾಯಿಗೂ ಮನುಷ್ಯರಿಗೂ ಇಲಿಜ್ವರ ತಗಲುತ್ತದೆ. ಆದರೆ ಇದಕ್ಕೆಲ್ಲ ಪರಿಹಾರ ಕೈಯಳತೆಯಲ್ಲೇ ಇದೆ. ವೈದ್ಯರು ಹೇಳಿದ ಲೆಕ್ಕದಲ್ಲಿ ಜಂತುಹುಳುವಿನ ಔಷಧ, ವರ್ಷಕ್ಕೊಮ್ಮೆ ಇಲಿಜ್ವರದ ಲಸಿಕೆ, ಮಲವನ್ನು ಅಂದಂದೇ ಎತ್ತುವುದು, ನಾಯಿಯ ಗುಂಡಿಯನ್ನು ಮಕ್ಕಳಾಡುವ ಜಾಗದಿಂದ ದೂರವಿಟ್ಟು ರಾತ್ರಿ ಮುಚ್ಚುವುದು. ಮನೆಯೆಲ್ಲ ಕೆಮ್ಮಣ್ಣು, ಮಡಿ ಕೆಡುತ್ತದೆ ಎಂದು ಹಿರಿಯರು ನೊಂದುಕೊಳ್ಳುವುದೂ ಸಹಜ. ಬಿಳಿಯ ಪಾಮೇರಿಯನ್ ಮೊಣಕಾಲಿನವರೆಗೆ ಕೆಂಪಾಗಿ ಹಜಾರಕ್ಕೆ ಬಂದು ನಿಂತರೆ ಯಾರಿಗಾದರೂ ಕಸಿವಿಸಿಯೇ. ಆದರೆ ಹಿತ್ತಲ ಬಾಗಿಲಲ್ಲಿ ಕೈಕಾಲು ತೊಳೆದೇ ಒಳಗೆ ಬರುವುದು ಈ ಮನೆಗಳ ಹಳೆಯ ಪದ್ಧತಿ. ಅದನ್ನೇ ನಾಯಿಗೂ ಕಲಿಸಿದರೆ ಆಯಿತು: ಒಂದು ಚೊಂಬು ನೀರು, ಒಂದು ಹಳೆಯ ಪಂಚೆಯ ತುಂಡು.

ಪಾಯ ಸಡಿಲವಾಗುತ್ತದೆಂಬ ಭಯ ಮುಖ್ಯ ಕಟ್ಟಡದ ಮಟ್ಟಿಗೆ ಅತಿಯಾದದ್ದು; ಹಳೆಯ ಮಣ್ಣುಗಾರೆಯ ಕಾಂಪೌಂಡ್ ಗೋಡೆಯ ವಿಷಯದಲ್ಲಿ ನಿಜ. ಅದರ ಬುಡಕ್ಕೆ ಒಂದು ಸಾಲು ಚಪ್ಪಡಿ ಹೂಳಬೇಕು, ಇಲ್ಲವಾದರೆ ನಾಯಿ ಅಡಿಯಿಂದ ನುಸುಳಿ ಬೀದಿಗೂ ಹೋದೀತು. ನಾಯಿ ಅಂಗಳದಲ್ಲಿ ಗುಂಡಿ ತೋಡಿದರೆ ಮನೆಗೆ ಕೇಡು ಎಂಬ ನಂಬಿಕೆಗೆ ಮೇಲೆ ಹೇಳಿದ ಕಾರಣಗಳೇ ಉತ್ತರ.

ಕೊಡಬೇಕಾದ ಮೂಲೆ ದೊಡ್ಡದೇನಲ್ಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಆಳ, ಕೆಮ್ಮಣ್ಣಿಗೆ ಒಂದಿಷ್ಟು ಮರಳು ಬೆರೆಸಬೇಕು, ಮೇಲೆ ನೆರಳಿರಬೇಕು. ಮೊದಲ ವಾರ ನಾಯಿಯ ಕಣ್ಣೆದುರೇ ಒಂದು ರಬ್ಬರ್ ಚೆಂಡನ್ನು ಅದರಲ್ಲಿ ಹೂತು, ಬಗೆದು ತೆಗೆದಾಗ ಬೆನ್ನು ಸವರಬೇಕು. ಪಾತಿಯ ಕಡೆ ಹೋದಾಗ ಬೈಯದೆ ಕರೆತಂದು ಇಲ್ಲಿ ನಿಲ್ಲಿಸಬೇಕು. ಫ್ಲ್ಯಾಟಿನಲ್ಲಿರುವವರಿಗೆ, ಬಾಡಿಗೆದಾರರಿಗೆ ಬಾಲ್ಕನಿಯಲ್ಲೊಂದು ಅಗಲದ ಪ್ಲಾಸ್ಟಿಕ್ ಟಬ್ಬಿನ ತುಂಬ ಮಣ್ಣು. ಅದೂ ಆಗದಿದ್ದರೆ ಹಳೆಯ ಟವೆಲು ತುಂಬಿದ ರಟ್ಟಿನ ಪೆಟ್ಟಿಗೆ, ಜೊತೆಗೆ ಎರಡು ಹೊತ್ತಿನ ನಿಜವಾದ ನಡಿಗೆ. ಸೈಟಿನಲ್ಲಿ ಅಂಗೈಯಗಲ ಜಾಗವೂ ಖಾಲಿಯಿಲ್ಲ, ನೆಲದ ಬೆಲೆ ಗೊತ್ತೇ ಎಂದು ಕೇಳಬಹುದು. ಆದರೆ ಮಣ್ಣು ತೆರೆದಿಡಲು ನಾಯಿಯೊಂದೇ ಕಾರಣವಲ್ಲ. 2009ರಿಂದ ಬೆಂಗಳೂರಿನಲ್ಲಿ 2,400 ಚದರಡಿ ಅಥವಾ ಅದಕ್ಕೂ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ 1,200 ಚದರಡಿ ಅಥವಾ ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾದದ್ದನ್ನು ಈ ಊರು ಮರೆತಿಲ್ಲ. ನಾಯಿಗೆಂದು ಬಿಟ್ಟ ಮೂಲೆಯಲ್ಲಿ ಬಿದ್ದ ಮಳೆಯೂ ಭೂಮಿಗೇ ಇಳಿಯುತ್ತದೆ.

ನಿಮ್ಮ ಮನೆಯಲ್ಲೂ ಗಿಡದ ಬುಡ ಕೆರೆಯುವ ನಾಯಿಯಿದ್ದರೆ, ಮುಂದಿನ ಬೇಸಿಗೆ ಬರುವ ಮುಂಚೆ ಕಾಂಪೌಂಡಿನ ನೆರಳಿರುವ ಮೂಲೆಯಲ್ಲಿ ನಾಲ್ಕು ಚಪ್ಪಡಿ ಎಬ್ಬಿಸಿ. ಗಾರೆ ಕೆಲಸದವರಿಗೆ ಅದು ಅರ್ಧ ದಿನದ ಕೆಲಸ.