ಎಣ್ಣೆ ಬಿದ್ದ ಮಣ್ಣಿಗೆ ಬೇಕಾದದ್ದು ಗೊಬ್ಬರ

ಒಮಾನ್ ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳೋದು ಎಣ್ಣೆ ಬಗ್ಗೆ. ಆ ಎಣ್ಣೆ ಪೈಪ್ ಒಡೆದು ಮರಳಿಗೆ ಚೆಲ್ಲಿದರೆ ಮುಂದೇನು ಅಂತ ಯಾರೂ ಕೇಳೋದಿಲ್ಲ. ಎಂಜಿನಿಯರಿಂಗ್ ಮುಗಿಸಿ ಬಂದ ನಮಗೆ ಮೊದಲು ಹೊಳೆಯೋದು ಯಂತ್ರದ ಉತ್ತರ: ಮಣ್ಣು ಅಗೆದು ಲಾರಿಗೆ ತುಂಬಿ ಬೇರೆ ಕಡೆ ಸಾಗಿಸೋದು. ಆದರೆ ಕೆಲಸಗಾರರು ಆಗಲೇ ಆ ಮಣ್ಣಿನೊಳಗೇ ಇದ್ದಾರೆ.

ಕಚ್ಚಾ ತೈಲ ಬಿದ್ದ ಮೊದಲ ದಿನಗಳಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಕಷ್ಟಕಾಲ. ಎಣ್ಣೆಯ ಹಗುರ ಅಂಶಗಳು ಅವುಗಳ ಕೋಶದ ಪೊರೆಯನ್ನೇ ಹಾಳುಮಾಡುತ್ತವೆ. ಮರಳಿನ ಕಣಗಳ ನಡುವೆ ಗಾಳಿ, ನೀರು ಸರಿಯಾಗಿ ಓಡಾಡೋದಿಲ್ಲ. ಎಷ್ಟೋ ಜಾತಿಗಳು ಕಡಿಮೆಯಾಗುತ್ತವೆ. ಅಲ್ಲಿವರೆಗೆ ಮೂಲೆಯಲ್ಲಿದ್ದ ಸ್ಯೂಡೊಮೊನಾಸ್, ರೋಡೊಕಾಕಸ್ ಥರದ ಕೆಲವು ಮಾತ್ರ ಹೆಚ್ಚತೊಡಗುತ್ತವೆ. ಇವುಗಳ ಕಿಣ್ವಗಳು ಎಣ್ಣೆಯ ಸರಪಳಿಗೆ ಆಮ್ಲಜನಕ ಸೇರಿಸಿ ಅದನ್ನ ಕೊಬ್ಬಿನಾಮ್ಲ ಮಾಡಿಬಿಡುತ್ತವೆ. ಆಮೇಲೆ ಅದು ಮಾಮೂಲಿ ಊಟ. ಕೆಲವಂತೂ ಸೋಪಿನಂಥ ವಸ್ತು ಸ್ರವಿಸಿ ಎಣ್ಣೆಯನ್ನ ಸಣ್ಣ ಹನಿಗಳಾಗಿ ಒಡೆದುಕೊಳ್ಳುತ್ತವೆ! ನೇರ ಸರಪಳಿಗಳು ಬೇಗ ಖಾಲಿ, ಉಂಗುರದ ರಚನೆಯವು ನಿಧಾನ, ಡಾಂಬರಿನಂಥ ಭಾರದ ಅಂಶ ಬಹುಪಾಲು ಹಾಗೇ ಉಳಿಯುತ್ತೆ.

ಸ್ವಲ್ಪ ದಿನಕ್ಕೆ ಈ ಊಟವೂ ನಿಲ್ಲುತ್ತೆ. ಯಾಕೆ? ನಮ್ಮ ರೈತರಿಗೆ ಇದು ಗೊತ್ತಿರೋ ವಿಷಯ. ಸರಿಯಾಗಿ ಕಳಿಯದ ಹುಲ್ಲು, ತರಗು ಹೊಲಕ್ಕೆ ಹಾಕಿದರೆ ಬೆಳೆ ಹಳದಿ ತಿರುಗುತ್ತೆ, ಅದನ್ನ ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಎಣ್ಣೆ ಅದಕ್ಕಿಂತ ಕಡೆ, ಹೆಚ್ಚುಕಮ್ಮಿ ಬರೀ ಇಂಗಾಲ ಮತ್ತು ಜಲಜನಕ. 100 ಭಾಗ ಇಂಗಾಲಕ್ಕೆ ಸುಮಾರು 10 ಭಾಗ ಸಾರಜನಕ, 1 ಭಾಗ ರಂಜಕ ಬೇಕು ಅನ್ನೋದು ಈ ಕ್ಷೇತ್ರದ ಸಾಮಾನ್ಯ ಲೆಕ್ಕ. ಮರಳುಗಾಡಿನಲ್ಲಿ ಅದೆಲ್ಲಿಂದ ಬರಬೇಕು? ಅದಕ್ಕೇ ಗೊಬ್ಬರ ಹಾಕಿ, ನೀರು ಚಿಮುಕಿಸಿ, ಆಗಾಗ ಮಣ್ಣು ಮಗುಚೋದು. 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಚೆಲ್ಲಿದಾಗ ಅಲಾಸ್ಕಾದ ದಡಗಳಿಗೂ ಗೊಬ್ಬರವನ್ನೇ ಹಾಕಿದ್ದರು. ಬ್ಯಾಕ್ಟೀರಿಯಾ ಪ್ಯಾಕೆಟ್ ತಂದು ಸುರಿಯೋದು ನೋಡೋಕೆ ಚೆನ್ನ. ಆದರೆ ಹೊರಗಿಂದ ಬಂದವು ಎಷ್ಟೋ ಸಲ ಸ್ಥಳೀಯರ ಎದುರು ನಿಲ್ಲೋದಿಲ್ಲ. ನಮ್ಮ ಮತ ಗೊಬ್ಬರಕ್ಕೇ.

ಬೇರಿನ ಸಹಾಯ ಇನ್ನೊಂದು ದಾರಿ. ಕುವೈತ್‌ನ ಎಣ್ಣೆ ಬಿದ್ದ ಮರಳಿನಲ್ಲೂ ಕಾಡುಗಿಡಗಳು ಬೆಳೆದಿದ್ದವು. ಅವುಗಳ ಬೇರಿನ ಸುತ್ತ ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ದಟ್ಟವಾಗಿವೆ ಅಂತ ಸಮೀರ್ ರದ್ವಾನ್ ಮತ್ತು ಸಂಗಡಿಗರು 1995ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು.

ಒಮಾನ್‌ನಲ್ಲಿ ಬೇರು-ಬ್ಯಾಕ್ಟೀರಿಯಾ ಜೋಡಿಯ ಕೆಲಸ ನೋಡಬೇಕಂದ್ರೆ ದಕ್ಷಿಣದ ಮರುಭೂಮಿಯ ನಿಮ್ರ್‌ಗೆ ಹೋಗಬೇಕು. ಅಲ್ಲಿನ ಬಾವಿಗಳಲ್ಲಿ ಒಂದು ಬ್ಯಾರಲ್ ಎಣ್ಣೆ ಜೊತೆ ಸುಮಾರು ಹತ್ತು ಬ್ಯಾರಲ್ ಎಣ್ಣೆ ಬೆರೆತ ನೀರು ಮೇಲೆ ಬರುತ್ತೆ. ಮೊದಲು ಆ ನೀರನ್ನ ಪಂಪ್ ಹಾಕಿ ನೆಲದಾಳಕ್ಕೆ ಒತ್ತುತ್ತಿದ್ದರು, ಅದಕ್ಕೆ ವಿದ್ಯುತ್ ಖರ್ಚು ವಿಪರೀತ. ಪೆಟ್ರೋಲಿಯಂ ಡೆವಲಪ್‌ಮೆಂಟ್ ಒಮಾನ್ ಮತ್ತು ಜರ್ಮನಿಯ ಬಾವರ್ ಕಂಪನಿ ಸೇರಿ ಅಲ್ಲಿ ಜೊಂಡಿನಂಥ ಎತ್ತರದ ಹುಲ್ಲು ಬೆಳೆಸಿದವು. ನೀರಿನಿಂದ ಎಣ್ಣೆಯ ಹೆಚ್ಚು ಪಾಲನ್ನ ಮೊದಲೇ ಬೇರ್ಪಡಿಸಿಕೊಳ್ತಾರೆ. ಉಳಿದ ನೀರು ಇಳಿಜಾರಿನಲ್ಲಿ ತಾನೇ ಹುಲ್ಲಿನ ಮಡಿಗಳೊಳಗೆ ಹರಿಯುತ್ತೆ. ಹುಲ್ಲಿನ ಟೊಳ್ಳು ಕಾಂಡ ಬೇರಿಗೆ ಗಾಳಿ ಇಳಿಸುತ್ತೆ, ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ ಎಣ್ಣೆ ತಿನ್ನುತ್ತವೆ. ಈಗ ದಿನಕ್ಕೆ 1 ಲಕ್ಷ ಘನ ಮೀಟರ್‌ಗಿಂತ ಹೆಚ್ಚು ನೀರು ಹೀಗೆ ಹಾದುಹೋಗುತ್ತೆ. ವಲಸೆ ಹಕ್ಕಿಗಳೂ ಬಂದು ಇಳಿಯುತ್ತವೆ.

ಕೊನೆಗೆ ಉಳಿಯೋದು ಉಪ್ಪು. ಅದನ್ನ ಯಾವ ಬ್ಯಾಕ್ಟೀರಿಯಾನೂ ತಿನ್ನೋದಿಲ್ಲ. ನೀರನ್ನ ಕೊಳಗಳಲ್ಲಿ ಬಿಸಿಲಿಗೆ ಆರಲು ಬಿಡ್ತಾರೆ.