ಕಿವಿಮೊರೆತಕ್ಕೆ ಮೊಬೈಲಿನ ನೆರವು

ರಾತ್ರಿ ಎಲ್ಲವೂ ಸ್ತಬ್ಧವಾದಾಗ ಕಿವಿಯೊಳಗೆ ‘ಗುಂಯ್’ ಎಂಬ ಸದ್ದು ಕೇಳಿದ ಅನುಭವ ನಿಮಗಿದೆಯೆ? ಕ್ಷಣದಲ್ಲಿ ಅಡಗಿದರೆ ಚಿಂತೆಯಿಲ್ಲ. ಆದರೆ ನಿಮ್ಮ ಅಜ್ಜನಿಗೋ, ತೊಗರಿಬೇಳೆ ಮಿಲ್ಲಿನಲ್ಲಿ ವರ್ಷಗಟ್ಟಲೆ ದುಡಿದ ಕಾಕಾನಿಗೋ ಅದು ಹಗಲಿರುಳು ಕೇಳುತ್ತಿರಬಹುದು. ಇದೇ ಕಿವಿಮೊರೆತ, ವೈದ್ಯರು ಟಿನಿಟಸ್ ಎನ್ನುತ್ತಾರೆ. ಬೇರೆಯವರಿಗೆ ಕೇಳಿಸದ ಕಾರಣ ಮನೆಯವರು ‘ಭ್ರಮೆ’ ಎಂದುಬಿಡುವುದುಂಟು. ಅದು ಭ್ರಮೆಯಲ್ಲ.

ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿವೆ. ವಯಸ್ಸಿನಿಂದಲೋ ಗದ್ದಲದಿಂದಲೋ ಅವು ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮೆದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ ಎಂಬುದು ಇಂದಿನ ಮುಖ್ಯ ವಿವರಣೆ. ಸ್ಟೇಷನ್ ಸಿಗದ ರೇಡಿಯೊದ ವಾಲ್ಯೂಂ ಏರಿಸಿದರೆ ಬರೀ ‘ಸುಂಯ್’ ಸದ್ದು ಹೆಚ್ಚುವುದಿಲ್ಲವೆ? ಹಾಗೆ.

1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್, ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿದರು. ಶೇಕಡ 94ರಷ್ಟು ಮಂದಿಗೆ ಏನಾದರೊಂದು ಸದ್ದು ಕೇಳಿಸಿತು! ಅಂದರೆ ನಿಶ್ಶಬ್ದವೇ ಮೊರೆತವನ್ನು ಎತ್ತಿ ತೋರಿಸುತ್ತದೆ.

ಗೋಡೆ ಗಡಿಯಾರವನ್ನೇ ನೋಡಿ. ಕಲಬುರಗಿಯ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಅದರ ‘ಟಿಕ್ ಟಿಕ್’ ಕೇಳುವುದೇ ಇಲ್ಲ. ಕಮಲಾಪುರದ ಕೆಂಪುಬಾಳೆ ತೋಟದ ಮನೆಯಲ್ಲಿ ನಡುರಾತ್ರಿ ಅದೇ ಗಡಿಯಾರ ನಿದ್ದೆ ಕೆಡಿಸಬಲ್ಲದು. ಸದ್ದು ಬದಲಾಗಲಿಲ್ಲ, ಸುತ್ತಲಿನ ಹಿನ್ನೆಲೆ ಬದಲಾಯಿತು.

ಮೊಬೈಲ್ ಆ್ಯಪ್‌ಗಳ ಮೊದಲ ಉಪಾಯ ಇದೇ. ಮಳೆ, ತೊರೆ, ಗಾಳಿಯ ಸದ್ದನ್ನು ಅವು ಮೆಲ್ಲಗೆ ನುಡಿಸುತ್ತವೆ. ‘ರಿಸೌಂಡ್ ಟಿನಿಟಸ್ ರಿಲೀಫ್’ ಇಂಥದ್ದು. ಮೊರೆತವನ್ನು ಮುಳುಗಿಸುವಷ್ಟು ಜೋರಾಗಿ ಇಡಬಾರದು. ಎರಡೂ ಕೇಳುವಂತಿದ್ದರೆ ಮೆದುಳು ಮೊರೆತಕ್ಕೆ ಒಗ್ಗಿಕೊಳ್ಳಲು ಅನುಕೂಲ ಎಂಬುದು ಇದರ ಹಿಂದಿನ ಎಣಿಕೆ.

ಎರಡನೆಯ ಉಪಾಯ ಮನಸ್ಸಿಗೆ ಸಂಬಂಧಿಸಿದ್ದು. ‘ಇದು ಎಂದಿಗೂ ಹೋಗದು, ನನ್ನ ಬಾಳು ಮುಗಿಯಿತು’ ಎಂಬ ಭಯ ಹೆಚ್ಚಿದಷ್ಟೂ ಗಮನ ಸದ್ದಿನತ್ತಲೇ ಹರಿಯುತ್ತದೆ. ಇಂಥ ಆಲೋಚನೆಯನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ಅಭ್ಯಾಸಕ್ಕೆ ಅರಿವಿನ ವರ್ತನಾ ಚಿಕಿತ್ಸೆ ಎಂದು ಹೆಸರು. ‘ಓಟೊ’, ‘ಮೈಂಡ್‌ಇಯರ್’ ಆ್ಯಪ್‌ಗಳು ಈ ಮಾರ್ಗದವು. ಮೊರೆತದಿಂದಾಗುವ ಸಂಕಟವನ್ನು ತಗ್ಗಿಸುವಲ್ಲಿ ಈ ಚಿಕಿತ್ಸೆಗಿರುವ ಆಧಾರ ಉಳಿದವುಗಳಿಗಿಂತ ಗಟ್ಟಿ. ಆದರೆ ನೆನಪಿಡಿ: ಸದ್ದನ್ನೇ ಅಳಿಸುವ ಆ್ಯಪ್ ಯಾವುದೂ ಇಲ್ಲ. ಹಾಗೆಂದು ಹೇಳಿ ಹಣ ಕೇಳಿದರೆ ದೂರವಿರಿ.

ಆ್ಯಪ್‌ಗಿಂತ ಮೊದಲು ಕಿವಿ ಪರೀಕ್ಷೆ ಆಗಲೇಬೇಕು. ಕೆಲವೊಮ್ಮೆ ಕಾರಣ ಬರೀ ಗುಗ್ಗೆ, ತೆಗೆದರೆ ಮುಗಿಯಿತು. ಒಂದೇ ಕಿವಿಯಲ್ಲಿ ಮೊರೆತ, ನಾಡಿಯ ಬಡಿತದಂಥ ಸದ್ದು, ತಲೆಸುತ್ತು ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಕಿವಿಯನ್ನೂ ಕಾಪಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ಕೇವಲ 4 ಗಂಟೆ.

ಈ ಆ್ಯಪ್‌ಗಳ ಮಾತು ಹೆಚ್ಚಾಗಿ ಇಂಗ್ಲಿಷಿನದು. ಇಲ್ಲೇ ನಿಮ್ಮ ಅಗತ್ಯವಿರುವುದು. ಅಜ್ಜನ ಪಕ್ಕ ಕುಳಿತು, ಪಾಠವನ್ನು ಮನೆಮಾತಿನಲ್ಲಿ ತಿಳಿಸಿ ಹೇಳಿ. ‘ನಿನಗೆ ಕೇಳುವುದು ನಿಜ’ ಎಂದು ಮೊದಲು ಹೇಳಲು ಮರೆಯಬೇಡಿ.